ಮೊಂಬಾಸಾದಲ್ಲಿ ಹಾಲು ಉಕ್ಕಿಸಿದ್ದು

ಮೊನ್ನೆ ಶನಿವಾರ ಬೆಳಿಗ್ಗೆ ಮೇಲಿನ ಮನೆಯ ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ಸ್ಯಾನ್ ಡಿಯಾಗೋದ ಕರ್ನಿ ಮೆಸಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದು ದೊಡ್ಡ ಸುದ್ದಿಯೇನಲ್ಲ, ಯಾರಾದರೂ ಬ್ರೆಡ್ಡನ್ನು ಸ್ವಲ್ಪ ಕರಿಕು ಮಾಡಿದರೂ ಬಡಿದುಕೊಳ್ಳುತ್ತದೆ. ಆದರೆ ಅದರ ಹಿಂದೆಯೇ ಕಿಟಕಿಯಿಂದ ಇಳಿದು ಬಂದ ವಾಸನೆ ಬ್ರೆಡ್ಡಿನದಾಗಿರಲಿಲ್ಲ, ಸೀದ ಹಾಲಿನದು. ನಾನು ಒಂದು ಸ್ಟೂಲು, ಒಂದು ಟವೆಲು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದ ಹುಡುಗಿ ತೆಲುಗಿನವಳು. ಹಿಂದಿನ ದಿನವಷ್ಟೇ ಗಂಡ ಹೆಂಡತಿ ಸಾಮಾನು ಇಳಿಸಿದ್ದರು. ಗಂಡ ಕುರ್ಚಿಯ ಮೇಲೆ ನಿಂತು ರಟ್ಟಿನ ಡಬ್ಬದ ಮುಚ್ಚಳದಿಂದ ಅಲಾರ್ಮಿಗೆ ಗಾಳಿ ಹಾಕುತ್ತಿದ್ದ. "ಹಾಲು ಉಕ್ಕಿಸಿದ್ರಾ?" ಎಂದು ಒಲೆಯ ಕಡೆ ಕೈ ತೋರಿಸಿ ಕೇಳಿದೆ. ಭಾಷೆ ಬಾರದಿದ್ದರೂ ಅವಳಿಗೆ ಅರ್ಥವಾಯಿತು, ನಾಚಿಕೊಂಡು ತಲೆಯಾಡಿಸಿದಳು.

ಟವೆಲು ಬೀಸಿ ಅಲಾರ್ಮನ್ನು ಸುಮ್ಮನಾಗಿಸಿ ಕೆಳಗೆ ಬಂದೆ. ವಾಸನೆ ಮಾತ್ರ ಬಟ್ಟೆಗೆ ಹತ್ತಿಕೊಂಡು ನನ್ನ ಜೊತೆಗೇ ಬಂತು. ಆ ದಿನವೆಲ್ಲ ನನಗೆ ಬೇರೆ ಕೆಲಸ ಹತ್ತಲಿಲ್ಲ. ಮೇಲಿನ ಆ ಮನೆಯಲ್ಲಿ ಮೊದಲು ನಸ್ರೀನ್ ಇದ್ದಳು. ಅವಳೊಂದಿಗೆ ಒಂದು ಜುಲೈ ತಿಂಗಳಲ್ಲಿ ಮೊಂಬಾಸಾದಲ್ಲಿ ಕಳೆದ ನಾಲ್ಕು ದಿನ ಒಂದೊಂದಾಗಿ ಎದ್ದು ಬಂದವು.

ನಸ್ರೀನ್ ನನಗೆ ಸಿಕ್ಕಿದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. 2020ರ ಮಾರ್ಚ್‌ನಲ್ಲಿ ನಾವು ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನಿಂದ ಸ್ಯಾನ್ ಡಿಯಾಗೋಗೆ ಬಂದೆವು. ನಮ್ಮ ಮನೆಯವರಿಗೆ ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಸಿಕ್ಕಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡ ವಾರ ಅದು. ಸಾಮಾನಿನ ಡಬ್ಬಗಳ ನಡುವೆ ಒಲೆ ಹುಡುಕಿ, ಒಂದು ಪಾತ್ರೆ ಹಾಲಿಟ್ಟು, ಪದ್ಧತಿಯಂತೆ ಉಕ್ಕಿಸಿದೆ. ಅದು ಕರೆಂಟಿನ ಒಲೆ, ಸುರುಳಿ ಕೆಂಪಗೆ ಕಾದಿರುತ್ತದೆ. ಹಾಲು ಬಿದ್ದಿದ್ದೇ ಹೊಗೆ ತುಂಬಿ ಅಲಾರ್ಮ್ ಹೊಡೆದುಕೊಂಡಿತು. ಯಾರ ಮನೆಗೂ ಯಾರೂ ಹೋಗದ ಆ ದಿನಗಳಲ್ಲಿ ಒಬ್ಬ ಹೆಂಗಸು ಮಾಸ್ಕ್ ಹಾಕಿಕೊಂಡು, ಒಂದು ಸ್ಟೂಲು, ಒಂದು ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹಾಲು ಉಕ್ಕಿಸಿದ್ರಾ?" ಎಂದು ಅಪ್ಪಟ ಮೈಸೂರು ಕನ್ನಡದಲ್ಲಿ ಕೇಳಿದಳು. ನಾನು ಕಣ್ಣು ಕಣ್ಣು ಬಿಟ್ಟೆ. "ವಾಸನೆ ಬಂತು. ನಮ್ಮ ಕಡೆಯೋರೇ ಯಾರೋ ಬಂದಿರ್ಬೇಕು ಅಂದ್ಕೊಂಡೆ. ನಮ್ಮನೇಲೂ ಉಕ್ಕಿಸ್ತಾರೆ. ನಮ್ಮ ಅಮ್ಮಿ ಬಿಸ್ಮಿಲ್ಲಾ ಅಂತ ಇಡೋರು, ಪೂರ್ವಕ್ಕೆ ಉಕ್ಕಿದ್ರೆ ಮಕ್ಕಳಿಗೆಲ್ಲ ಸಕ್ಕರೆ ಕೊಡೋರು. ಪಕ್ಕಕ್ಕೆ ಸರೀರಿ ಸ್ವಲ್ಪ, ಆ ಅಲಾರ್ಮ್ ಹಂಗೆಲ್ಲ ನಿಲ್ಲಲ್ಲ."

ಅಪಾರ್ಟ್‌ಮೆಂಟಿನ ಆಫೀಸಿನವರು ಮಾರನೇ ದಿನವೇ ಒಂದು ವಾರ್ನಿಂಗ್ ಕಾಗದ ಬಾಗಿಲಿಗೆ ಅಂಟಿಸಿ ಹೋದರು. ಇನ್ನೊಮ್ಮೆ ಹೀಗಾದರೆ ಮನೆ ಖಾಲಿ ಮಾಡಿಸಬಹುದು ಎಂಬ ಅರ್ಥ ಬರುವಂತೆ ಬರೆದಿದ್ದರು. ಅದಾದ ಮೇಲೆ ಹಾಲಿಟ್ಟು ಒಲೆ ಬಿಟ್ಟು ಕದಲಿದವಳಲ್ಲ ನಾನು. ಹಾಲು ಅಂಚಿಗೆ ಬರುವ ಮೊದಲೇ ಆರಿಸಿಬಿಡುತ್ತಿದ್ದೆ. ಫೋನಿನಲ್ಲಿ ಮಾತಾಡುತ್ತಿದ್ದರೂ, ಬೆನ್ನು ತಿರುಗಿಸಿ ನಿಂತಿದ್ದರೂ ಕೈ ತಾನಾಗಿ ಹೋಗುತ್ತಿತ್ತು.

ನಸ್ರೀನ್ ಒಂದು ಬಯೋಟೆಕ್ ಕಂಪನಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಮರುವರ್ಷದ ಚಳಿಗಾಲದಲ್ಲಿ ಅವಳ ಗಂಡ ರಿಯಾಜ್ ತೀರಿಕೊಂಡರು. ಒಬ್ಬಳೇ ಮಗಳು ಸನಾ ಓದು ಮುಗಿಸಿ ಟೊರೆನ್ಸ್‌ನಲ್ಲಿ ವಿಮಾನದ ಭಾಗಗಳ ಕಂಪನಿಗೆ ಸೇರಿದಳು. ಅಲ್ಲಿಂದ ಮುಂದೆ ನಸ್ರೀನ್ ದಿನಾ ಸಂಜೆ ಐದೂವರೆಗೆ ನಮ್ಮ ಮನೆಗೆ ಇಳಿದು ಬರುವುದು, ಇಬ್ಬರೂ ಟೀ ಕುಡಿಯುವುದು ರೂಢಿಯಾಯಿತು. ಗಂಡ ಸತ್ತ ಹೆಂಗಸಿಗೆ ನಾನು ಆಸರೆಯಾಗಿದ್ದೇನೆ ಎಂದು ನಾನು ತಿಳಿದುಕೊಂಡಿದ್ದೆ. ನಾಲ್ಕು ಜನರ ಮುಂದೆ ಹಾಗೆ ಹೇಳಿಕೊಂಡದ್ದೂ ಉಂಟು.

ಮೂರನೇ ವರ್ಷ ಅವಳ ಕಂಪನಿಯವರು ಕೇಳಿದರು: ಕೀನ್ಯಾದ ಮೊಂಬಾಸಾದಲ್ಲಿ ಒಂದು ಲ್ಯಾಬ್ ತೆರೆಯುತ್ತಿದ್ದೇವೆ, ಅಲ್ಲಿನವರಿಗೆ ಕೆಲಸ ಕಲಿಸಲು ಮೂರು ವರ್ಷ ಹೋಗುತ್ತೀರಾ? ಮೊದಲು ಒಂದು ವಾರ ಹೋಗಿ ಊರು ನೋಡಿ, ಶುಕ್ರವಾರ ಬೆಳಿಗ್ಗೆಯೊಳಗೆ ಹೂಂ ಅಥವಾ ಇಲ್ಲ ಅಂತ ತಿಳಿಸಿ.

"ನೀನೂ ಬಾ ವಿಜಿ," ಅಂದಳು ಟೀ ಕುಡಿಯುತ್ತಾ. "ನಿನ್ನ ಸ್ಕೂಲಿಗೂ ರಜ." ನಾನು ಒಂದು ಶಾಲೆಯ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸದವಳು.

"ನಾನ್ಯಾಕೆ? ನನಗೇನು ಗೊತ್ತು ಆಫ್ರಿಕಾ?"

"ಕೊಂಕು ತೆಗೆಯೋದ್ರಲ್ಲಿ ನೀನು ಎತ್ತಿದ ಕೈ. ನಿನಗೆ ಒಪ್ಪಿಗೆ ಆದ ಊರು ಯಾರಿಗಾದ್ರೂ ಆಗುತ್ತೆ."

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದು ಈಗ ಮುಚ್ಚಿಡುವುದೇನಿದೆ? ಅವಳು ಹೋಗಬಾರದು ಎಂದೇ ಹೊರಟೆ. ನಾಲ್ಕು ದಿನ ಜೊತೆಗಿದ್ದು ನಲವತ್ತು ಕೊರತೆ ಎತ್ತಿ ತೋರಿಸಿ ವಾಪಸು ಕರೆದುಕೊಂಡು ಬರುತ್ತೇನೆ ಎಂಬ ಧೈರ್ಯ ನನಗಿತ್ತು.

ವಿಮಾನ ಲಾಸ್ ಏಂಜಲೀಸಿನಿಂದ. ಹಿಂದಿನ ದಿನವೇ ಟೊರೆನ್ಸ್‌ಗೆ ಹೋಗಿ ಸನಾ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಅವಳೇ ಡ್ರೈವ್ ಮಾಡಿ ಏರ್‌ಪೋರ್ಟಿಗೆ ಬಿಟ್ಟಳು. ನಸ್ರೀನ್ ಟ್ರಾಲಿ ತರಲು ಹೋದಾಗ ಹುಡುಗಿ ನನ್ನ ತೋಳು ಹಿಡಿದುಕೊಂಡಳು. "ಆಂಟಿ, ಪ್ಲೀಸ್, ಟೆಲ್ ಹರ್ ನಾಟ್ ಟು ಗೋ. ಶಿ ಓನ್ಲಿ ಲಿಸನ್ಸ್ ಟು ಯು." ಅಪ್ಪ ಹೋಗಿ ಇನ್ನೂ ಎರಡು ವರ್ಷವಾಗಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು. "ನಾನಿದ್ದೀನಲ್ಲ, ಕರ್ಕೊಂಡು ಬರ್ತೀನಿ," ಅಂದೆ. ನನ್ನ ಆಸೆಗೆ ಈಗ ಒಂದು ಒಳ್ಳೆಯ ಕಾರಣವೂ ಸಿಕ್ಕಿದಂತಾಯಿತು.

ಸೋಮವಾರ ಮಧ್ಯಾಹ್ನ ಮೊಂಬಾಸಾದಲ್ಲಿ ಇಳಿದೆವು. ಬಿಸಿಲು ಅಷ್ಟೇನೂ ಇರಲಿಲ್ಲ, ಆದರೆ ಗಾಳಿಯಲ್ಲಿ ನೀರು ತುಂಬಿತ್ತು. ಟ್ಯಾಕ್ಸಿಯ ಕಿಟಕಿಯಿಂದ ಆಟೋಗಳು ಕಂಡವು, ನಮ್ಮವೇ ಆಟೋಗಳು. ಅಲ್ಲಿ ಟುಕ್‌ಟುಕ್ ಅನ್ನುತ್ತಾರೆ. ತಳ್ಳುಗಾಡಿಯಲ್ಲಿ ಹಳದಿ ಕ್ಯಾನುಗಳನ್ನು ಪೇರಿಸಿಕೊಂಡು ಹೋಗುವವರು, ಆನೆಯ ಮೈಯಷ್ಟು ದಪ್ಪ ಬುಡದ ಬಾವೋಬಾಬ್ ಮರಗಳು, ಹೆಜ್ಜೆಗೊಂದು ಎಳನೀರು. ಸ್ಯಾನ್ ಡಿಯಾಗೋದಲ್ಲಿ ಹದಿನೈದು ನಿಮಿಷ ಡ್ರೈವ್ ಮಾಡಿದರೂ ರಸ್ತೆಯಲ್ಲಿ ನಡೆಯುವ ಮನುಷ್ಯ ಒಬ್ಬನೂ ಸಿಗುವುದಿಲ್ಲ. ಇಲ್ಲಿ ರಸ್ತೆಯ ತುಂಬ ಜನವೇ. ನಸ್ರೀನ್ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಳು. "ನಮ್ಮ ಮೈಸೂರಿನ ಮಂಡಿ ಮೊಹಲ್ಲಾ ಥರ ಇದೆ ಅಲ್ವಾ?" ಎಂದಳು. "ಧೂಳು ಮಾತ್ರ ಹಂಗೇ ಇದೆ," ಅಂದೆ.

ಸ್ಯಾನ್ ಡಿಯಾಗೋದವರಿಗೆ ಒಂದು ಚಾಳಿಯಿದೆ. ಕಡಲಿರುವ ಯಾವ ಊರಿಗೆ ಹೋದರೂ ಮೊದಲ ಸಂಜೆ ದಂಡೆಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಲೇಬೇಕು. ನಾವೂ ಸ್ನಾನ ಮಾಡಿ ಹೊರಟೆವು. ಹೋಟೆಲಿನಿಂದ ಹತ್ತು ನಿಮಿಷದ ದಾರಿಗೆ ನಲವತ್ತು ನಿಮಿಷ ಸುತ್ತಿದೆವು, ಯಾಕೆಂದರೆ ಮ್ಯಾಪ್ ನೋಡುವುದೇ ಬೇಡ, ಕಡಲು ಯಾವ ಕಡೆ ಅಂತ ನನಗೆ ಗೊತ್ತು ಎಂದು ನಾನು ಮುಂದೆ ನಡೆದಿದ್ದೆ. ಕಡೆಗೆ ದಡದ ಕಲ್ಲು ಬೆಂಚು ಸಿಕ್ಕಿತು. ಎಳನೀರು ಹಿಡಿದುಕೊಂಡು ಕಡಲಿಗೆ ಮುಖ ಮಾಡಿ ಕೂತೆವು. ಸುತ್ತ ಮನೆಮಂದಿಯೆಲ್ಲ ಬಂದು ಹುರಿದ ಮರಗೆಣಸು ತಿನ್ನುತ್ತಿದ್ದರು. ಕೂತೇ ಕೂತೆವು. ಬೆಳಕು ಕಡಿಮೆಯಾಯಿತು, ನೀರಿನ ಬಣ್ಣ ಬೂದಿಯಾಯಿತು, ಸೂರ್ಯನ ಪತ್ತೆಯಿಲ್ಲ.

"ಮೋಡ ಇರ್ಬೇಕು," ಅಂದೆ.

ಎಳನೀರಿನವನು ನರೆತ ಮೀಸೆಯ ಮುದುಕ, ಬುರುಡೆ ವಾಪಸು ತೆಗೆದುಕೊಳ್ಳಲು ಬಂದು, ಯಾರನ್ನು ಕಾಯುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಸೂರ್ಯನನ್ನು ಎಂದೆ. ಅವನು ಕತ್ತಿಯ ತುದಿಯಿಂದ ನಮ್ಮ ಬೆನ್ನ ಹಿಂದಕ್ಕೆ ತೋರಿಸಿದ. ತಿರುಗಿ ನೋಡಿದರೆ ಊರಿನ ಮನೆಗಳ ಮಾಡಿನ ಹಿಂದೆ ಆಕಾಶವೆಲ್ಲ ಕೆಂಪು, ಸೂರ್ಯ ಇಳಿದು ಆಗಿತ್ತು. ನಾಳೆ ಬೆಳಿಗ್ಗೆ ಬನ್ನಿ, ಇಲ್ಲೇ ಹುಟ್ಟುತ್ತಾನೆ ಎಂದು ಹೇಳಿ ಹೋದ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಂಗಳೂರಿಗೆ ಹೋದರೂ ಪಡುವಣ ಕಡಲು, ಸ್ಯಾನ್ ಡಿಯಾಗೋಗೆ ಬಂದರೂ ಪಡುವಣ ಕಡಲು. ಕಡಲು ಅಂದರೆ ಪಶ್ಚಿಮ ಎಂದು ನಮ್ಮ ತಲೆಯಲ್ಲಿ ಮೊಳೆ ಹೊಡೆದು ಕೂರಿಸಿದ ಹಾಗಿತ್ತು. ನಸ್ರೀನ್ ಹಾಗೆ ನಕ್ಕು ಬಹಳ ದಿನವಾಗಿತ್ತು ಎಂಬುದು ಆಗಲೇ ನನ್ನ ಗಮನಕ್ಕೆ ಬಂತು. ಬಂದರೂ ಬರಲಿಲ್ಲವೆನ್ನುವಂತೆ ಇದ್ದುಬಿಟ್ಟೆ.

ಮಂಗಳವಾರ ಹಳೇ ಊರು ನೋಡಲು ಹೋದೆವು. ಕೋಟೆಯ ಪಕ್ಕದಿಂದ ಶುರುವಾಗುವ ಓಣಿಗಳು, ಕೆತ್ತನೆಯ ದೊಡ್ಡ ಬಾಗಿಲುಗಳು, ಮೇಲೆ ಮರದ ಬಾಲ್ಕನಿ. ಒಂದು ಸಣ್ಣ ಹೋಟೆಲಿನಲ್ಲಿ ತಿಂಡಿಗೆ ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಗೊಜ್ಜು, ಜೊತೆಗೆ ಏಲಕ್ಕಿ ಹಾಕಿದ ಉಬ್ಬಿದ ಪೂರಿ ಕೊಟ್ಟರು. ಮಾಂಸ ಮೀನು ಮುಟ್ಟದ ನನಗೆ ಈ ಊರಲ್ಲಿ ಊಟವೇ ಸಿಗುವುದಿಲ್ಲ ಎಂಬ ನನ್ನ ಮೊದಲ ದೊಡ್ಡ ದೂರು ಅಲ್ಲಿಗೆ ನೆಗೆದುಬಿತ್ತು. ಎರಡನೇ ತಟ್ಟೆ ಹಾಕಿಸಿಕೊಂಡೆ. "ಹೆಂಗಿದೆ?" ಎಂದು ನಸ್ರೀನ್ ಕೇಳಿದಳು. "ಉಪ್ಪು ಸ್ವಲ್ಪ ಜಾಸ್ತಿ," ಅಂದೆ, ಬಾಯಿ ತುಂಬ ತುಂಬಿಕೊಂಡೇ.

ಮಸಾಲೆ ಮಾರುಕಟ್ಟೆಯಲ್ಲಿ ಅವಳು ಅಂಗಡಿಯವರ ಹತ್ತಿರ ಲವಂಗ ಮೂಸಿ, ಮೆಣಸು ಕಚ್ಚಿ ನೋಡಿ, ಗೊತ್ತಿದ್ದ ಎರಡೇ ಸ್ವಾಹಿಲಿ ಮಾತಿನಲ್ಲಿ ಹತ್ತು ನಿಮಿಷ ಮಾತಾಡಿದಳು. ನಾನು ಮಾತಿಗೊಂದು ಕೊರತೆ ತೆಗೆಯುತ್ತಾ ಹಿಂದೆ ನಡೆದೆ. ಓಣಿ ಇಕ್ಕಟ್ಟು. ವೈರುಗಳು ಜೋತುಬಿದ್ದಿವೆ. ಕರೆಂಟು ಹೋಗುತ್ತದಂತೆ. ಹೋಟೆಲಿಗೆ ವಾಪಸು ಬಂದು ಬಾಯಿ ಮುಕ್ಕಳಿಸುವಾಗ ನನಗೆ ನಿಧಿ ಸಿಕ್ಕಿತು, ನಲ್ಲಿಯ ನೀರು ಉಪ್ಪು.

"ನಸ್ರೀನ್, ಇಲ್ಲಿ ನೀರು ಉಪ್ಪು ಕಣೇ. ಬೋರ್‌ವೆಲ್ ನೀರು. ಇದ್ರಲ್ಲಿ ಟೀ ಮಾಡಿದ್ರೆ ಹಾಲು ಒಡೆದು ಹೋಗುತ್ತೆ. ಟೀ ಇಲ್ದೆ ನೀನು ಮೂರು ವರ್ಷ ಇರ್ತೀಯಾ?"

ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷ ನನಗೆ. ಅವಳು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ಗಾಡೀಲಿ ಹಳದಿ ಕ್ಯಾನ್ ತಗೊಂಡು ಹೋಗ್ತಾರಲ್ಲ, ಅದು ಸಿಹಿನೀರಂತೆ. ದಿನಾ ಮನೆಗೆ ತಂದು ಹಾಕ್ತಾರಂತೆ. ಕೇಳ್ದೆ," ಅಂದಳು. ಯಾವಾಗ ಕೇಳಿದಳೋ ಏನೋ. ನಾನು ಕೊರತೆ ಹುಡುಕುತ್ತಿದ್ದ ಹೊತ್ತಿನಲ್ಲಿ ಅವಳು ಉಪಾಯ ಹುಡುಕುತ್ತಿದ್ದಳು.

ಬುಧವಾರ ಲ್ಯಾಬು. ಇನ್ನೂ ಸುಣ್ಣದ ವಾಸನೆ ಹೋಗಿರದ ಎರಡು ಕೋಣೆ. ಆರು ಜನ ಹೆಂಗಸರು, ಗಂಡಸರು ಬಿಳಿ ಕೋಟು ಹಾಕಿಕೊಂಡು ಕಾಯುತ್ತಿದ್ದರು. ನಾನು ಹೊರಗೆ ಬೆಂಚಿನಲ್ಲಿ ಕೂತೆ. ಮಧ್ಯದ ಗಾಜಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ನಸ್ರೀನ್ ಮೊದಲು ಸುಮ್ಮನೆ ನಿಂತು ನೋಡಿದಳು. ಆಮೇಲೆ ಒಬ್ಬಾಕೆಯ ಕೈಯಿಂದ ಹನಿ ಅಳೆಯುವ ಪಿಪೆಟ್ ತೆಗೆದುಕೊಂಡು ಹಿಡಿಯುವ ಬಗೆ ತೋರಿಸಿದಳು. ಆಮೇಲೆ ಕೋಟು ಕೇಳಿ ಹಾಕಿಕೊಂಡಳು. ಮೂರು ಗಂಟೆ ಹೊತ್ತು ಅವಳು ಕೂರಲಿಲ್ಲ. ರಿಯಾಜ್ ಹೋದ ಮೇಲೆ ಅವಳು ಬೆನ್ನು ಬಾಗಿಸಿಕೊಂಡು ನಡೆಯುತ್ತಿದ್ದಳು, ವಯಸ್ಸಿನದು ಎಂದುಕೊಂಡಿದ್ದೆ. ವಯಸ್ಸಿನದಲ್ಲ ಅಂತ ಅವತ್ತು ಗೊತ್ತಾಯಿತು.

ಆ ಬೆಂಚಿನ ಮೇಲೆ ಕೂತೇ ನನಗೆ ಇನ್ನೊಂದು ವಿಷಯವೂ ಗೊತ್ತಾಯಿತು. ನಮ್ಮ ಸಂಜೆಯ ಟೀ ಅವಳ ಸಲುವಾಗಿ ಅಲ್ಲ. ನನ್ನ ಮಗ ಅಮೆರಿಕದ ಪೂರ್ವ ತೀರದಲ್ಲಿ ತನ್ನ ಪಾಡಿಗೆ ಇದ್ದಾನೆ, ಮನೆಯವರು ಲ್ಯಾಪ್‌ಟಾಪಿಗೆ ಕಣ್ಣು ನೆಟ್ಟವರು ಊಟಕ್ಕೇ ಎತ್ತುವುದು. ದಿನಕ್ಕೊಂದು ಸಲ ನನ್ನ ಜೊತೆ ಬಾಯಿ ತುಂಬ ಮಾತಾಡುತ್ತಿದ್ದವಳು ಇವಳೊಬ್ಬಳೇ. ಇವಳು ಹೋದರೆ ಐದೂವರೆಗೆ ನಾನು ಏನು ಮಾಡಲಿ? ಆ ಬಿಳಿ ಕೋಟಿನವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಗುರುವಾರ ಮನೆ ನೋಡುವ ದಿನ. ಹಳೇ ಊರಿನಲ್ಲಿ ನೀರಿಗೆ ಮುಖ ಮಾಡಿದ ಕಟ್ಟಡ, ಮೂರನೇ ಮಹಡಿ. ಕೆಳಗಿನ ಮನೆಯಲ್ಲಿ ಮಾಲೀಕರಾದ ಮಾಮಾ ಜುಹುರಾ. ಅಲ್ಲಿ ತಾಯಿಯಂಥವರಿಗೆಲ್ಲ ಮಾಮಾ ಎನ್ನುತ್ತಾರೆ, ನನಗೆ ಪ್ರತಿ ಸಲ ಸೋದರಮಾವ ನೆನಪಾಗುತ್ತಿದ್ದ. ಎತ್ತರದ, ನಿಧಾನದ ಹೆಂಗಸು. ಮನೆ ತೋರಿಸಿ, ಬೇಕಾದಷ್ಟು ಹೊತ್ತು ಕೂತು ಯೋಚಿಸಿ ಎಂದು ಬೀಗದ ಕೈ ಕೊಟ್ಟು ಕೆಳಗೆ ಹೋದರು. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆ ಕಟ್ಟೆಯ ಒಂದು ತುದಿಗೆ ಗ್ಯಾಸಿನ ಒಲೆ, ಇನ್ನೊಂದು ತುದಿಗೆ ಕಿಟಕಿ, ಕಿಟಕಿಯಾಚೆ ನೀರು.

ನಸ್ರೀನ್ ಕೈಚೀಲದಿಂದ ಒಂದು ಹಾಲಿನ ಪ್ಯಾಕೆಟ್ ತೆಗೆದಳು.

"ಇದೇನೇ? ಇನ್ನೂ ಹೂಂ ಅಂದಿಲ್ಲ, ಆಗ್ಲೇ ಹಾಲು ಉಕ್ಕಿಸ್ತೀಯಾ?"

"ಅದಕ್ಕೇ ಉಕ್ಕಿಸ್ತಿರೋದು," ಅಂದಳು. "ಬೆಳಿಗ್ಗೆಯಿಂದ ಮನಸ್ಸು ಹೊಯ್ದಾಡ್ತಾ ಇದೆ ವಿಜಿ. ಸನಾ ಮುಖ ನೆನೆಸ್ಕೊಂಡ್ರೆ ಬೇಡ ಅನ್ಸುತ್ತೆ. ಲ್ಯಾಬ್ ನೆನೆಸ್ಕೊಂಡ್ರೆ ಬೇಕು ಅನ್ಸುತ್ತೆ. ಇನ್ನು ಯೋಚನೆ ಮಾಡಿದ್ರೆ ತಲೆ ಕೆಡುತ್ತೆ. ಹಾಲು ಚೆನ್ನಾಗಿ ಉಕ್ಕಿದ್ರೆ ಹೂಂ. ಉಕ್ಕದೇ ಇದ್ರೆ, ಬಿಡು, ನಮಗಲ್ಲ ಅಂತ ವಾಪಸ್ಸು."

ಇಪ್ಪತ್ತು ವರ್ಷ ಲ್ಯಾಬಿನಲ್ಲಿ ಒಂದೊಂದು ಹನಿಗೂ ಪುರಾವೆ ಕೇಳಿದವಳು ಈ ಮಾತಾಡುತ್ತಿದ್ದಳು. ನಾನು ನಗಲಿಲ್ಲ, ನನಗೂ ಅಷ್ಟೇ ನಂಬಿಕೆಯಿತ್ತು. ಮಾಮಾ ಜುಹುರಾ ಬಿಟ್ಟುಹೋಗಿದ್ದ ಅಲ್ಯೂಮಿನಿಯಂ ಪಾತ್ರೆ ತೊಳೆದು, ಹಾಲು ಸುರಿದು, ಒಲೆ ಹಚ್ಚಿದೆವು. ಅವಳು ಬಿಸ್ಮಿಲ್ಲಾ ಎಂದಳು, ನಾನು ಮನಸ್ಸಿನಲ್ಲೇ ಗಣಪತಿಯನ್ನು ನೆನೆದೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಸನಾ. ಟೊರೆನ್ಸ್‌ನಲ್ಲಿ ಆಗ ಬೆಳಿಗ್ಗೆ ಆರು, ಕೆಲಸಕ್ಕೆ ಹೊರಡುವ ಮುಂಚೆ ಮಾಡಿದ್ದಳು. "ನೋಡ್ಕೋ, ಉಕ್ಕಿದಾಗ ಕೂಗು," ಎಂದು ನಸ್ರೀನ್ ಬಾಲ್ಕನಿಗೆ ಹೋದಳು.

ನಾನು ಪಾತ್ರೆಯ ಮುಂದೆ ನಿಂತೆ. ಹಾಲು ಅಂಚಿನಲ್ಲಿ ಗುಳ್ಳೆಯೆದ್ದಿತು, ಮೇಲಿನ ಕೆನೆ ಸುಕ್ಕುಗಟ್ಟಿತು, ನಡು ಉಬ್ಬಿತು. ಬಾಲ್ಕನಿಯಿಂದ ನಸ್ರೀನಳ ದನಿ ಕೇಳುತ್ತಿತ್ತು, ಸಮಾಧಾನ ಮಾಡುವ ದನಿ. ಹಾಲು ಸರಸರನೆ ಮೇಲೆದ್ದು ಬಾಯಂಚಿಗೆ ಬಂತು. ಟಕ್ ಎಂದು ಸದ್ದಾಯಿತು. ನೋಡಿದರೆ ನನ್ನ ಕೈ ಒಲೆಯ ತಿರುಗಣೆಯ ಮೇಲಿತ್ತು. ಹಾಲು ಬುಸ್ಸೆಂದು ಕೆಳಗಿಳಿದು ತೆಪ್ಪಗಾಯಿತು.

ನಸ್ರೀನ್ ಬಂದು ಪಾತ್ರೆ ನೋಡಿದಳು. "ಉಕ್ಕಲಿಲ್ವಾ?"

"ಇಲ್ಲ ಕಣೇ," ಅಂದೆ. "ಗ್ಯಾಸ್ ಮುಗಿದಿರ್ಬೇಕು, ಆರಿಹೋಯ್ತು."

ಅವಳು ಸ್ವಲ್ಪ ಹೊತ್ತು ಹಾಲಿನ ಮೇಲಿನ ಕೆನೆಯನ್ನೇ ನೋಡಿದಳು. "ಸರಿ ಬಿಡು. ಸನಾನೂ ಅಳ್ತಿದ್ಲು. ಎಲ್ಲ ಒಂದೇ ಮಾತು ಹೇಳ್ತಿದೆ." ಪಾತ್ರೆಗೆ ಮುಚ್ಚಳ ಮುಚ್ಚಿದಳು. ಕಿಟಕಿಯ ಬಾಗಿಲು ಎಳೆದಳು. ಬೀಗದ ಕೈ ತೆಗೆದುಕೊಂಡು ಮುಂದೆ ನಡೆದಳು. ನನಗೆ ಬೇಕಾಗಿದ್ದು ಸಿಕ್ಕಿತ್ತು. ಸನಾಗೆ ಕೊಟ್ಟ ಮಾತೂ ಉಳಿದಿತ್ತು. ಮೂರನೇ ಮಹಡಿಯಿಂದ ಇಳಿಯುವಾಗ ಮುಂದೆ ಹೋಗುತ್ತಿದ್ದ ಅವಳ ಬೆನ್ನು ನೋಡಿದೆ. ಅದು ಮತ್ತೆ ಸ್ಯಾನ್ ಡಿಯಾಗೋದ ಬೆನ್ನಾಗಿತ್ತು.

ಎರಡನೇ ಮಹಡಿಯ ತಿರುವಿನಲ್ಲಿ ನನ್ನ ಕಾಲು ಮುಂದೆ ಹೋಗಲಿಲ್ಲ.

"ನಸ್ರೀನ್, ಗ್ಯಾಸ್ ಮುಗಿದಿರ್ಲಿಲ್ಲ. ನಾನು ಆರಿಸ್ದೆ."

ಅವಳು ತಿರುಗಿದಳು. "ಬೇಕಂತಲಾ?"

"ಆರಿಸಿದ್ದು ಬೇಕಂತಲೋ ಅಲ್ವೋ ನನಗೇ ಗೊತ್ತಿಲ್ಲ. ಅಲಾರ್ಮಿಗೆ ಹೆದರಿ ಹೆದರಿ ಕೈಗೆ ಅದೇ ಅಭ್ಯಾಸ ಆಗ್ಬಿಟ್ಟಿದೆ. ಆದ್ರೆ ಸುಳ್ಳು ಹೇಳಿದ್ದು ಬೇಕಂತಲೇ. ಸನಾಗೂ ಮಾತು ಕೊಟ್ಟು ಬಂದಿದ್ದೆ, ನಿನ್ನ ಕರ್ಕೊಂಡು ಬರ್ತೀನಿ ಅಂತ."

"ಸನಾ ವಿಷಯ ಬಿಡು, ಅವಳು ನನ್ನ ಮಗಳು, ಅವಳ ಹತ್ರ ನಾನು ಮಾತಾಡ್ತೀನಿ. ನೀನ್ಯಾಕೆ ಸುಳ್ಳು ಹೇಳ್ದೆ, ಅದನ್ನ ಹೇಳು."

"ನೀನು ಹೋದ್ರೆ ನನಗೆ ಯಾರೂ ಇಲ್ಲ," ಅಂದೆ. ಹೇಳಿದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತೆ. ಐವತ್ತು ದಾಟಿದ ಹೆಂಗಸು ಯಾರದೋ ಊರಿನ ಯಾರದೋ ಮನೆಯ ಮೆಟ್ಟಿಲ ಮೇಲೆ ಮೂಗು ಸೊರಗುಟ್ಟಿಸಿಕೊಂಡು ಅತ್ತೆ.

ಅವಳು ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಎಂದುಕೊಂಡಿದ್ದೆ. "ಇಲ್ಲಿ ಅಲಾರ್ಮೇ ಇಲ್ವಲ್ಲೇ ಮಾರಾಯ್ತಿ," ಎಂದು ನನ್ನ ತಲೆಯ ಮೇಲೊಂದು ಮೊಟಕಿದಳು. ಆಮೇಲೆ ಎದ್ದು, "ನಡಿ ಮೇಲೆ. ಈ ಸಲ ನಾನೂ ಇರ್ತೀನಿ," ಅಂದಳು.

ಅದೇ ಹಾಲನ್ನು ಮತ್ತೆ ಕಾಯಿಸಲಿಟ್ಟೆವು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಹಾಲು ಎದ್ದು ಬಂದಾಗ ಬೆರಳುಗಳು ತುಡಿದವು, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ಉಕ್ಕಿತು. ಸುತ್ತ ಇಳಿದು, ಉರಿಯನ್ನು ಆರಿಸಿ, ಕಟ್ಟೆಯ ಮೇಲೆ ಹರಡಿತು. ಹಳೇ ಮನೆ, ಕಟ್ಟೆ ಸ್ವಲ್ಪ ಇಳಿಜಾರಾಗಿತ್ತು. ಹಾಲು ಒಂದು ಕ್ಷಣ ನಿಂತು, ಕಿಟಕಿಯ ಕಡೆ ಒಂದೇ ಧಾರೆಯಾಗಿ ಹರಿಯಿತು. ಸೀದ ವಾಸನೆ ಮನೆಯೆಲ್ಲ ತುಂಬಿತು. ನಸ್ರೀನ್ ಬಗ್ಗಿ ಒಲೆ ಬಂದ್ ಮಾಡಿದಳು. ವಾಸನೆಗೆ ಗಾಬರಿಯಾದ ಮಾಮಾ ಜುಹುರಾ ಒರೆಸುವ ಬಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದರು. ಏನೂ ಆಗಿಲ್ಲ ಎಂದು ನಸ್ರೀನ್ ಅವರಿಗೆ ಕೈಸನ್ನೆ ಮಾಡಿ ನನ್ನ ಕಡೆ ತಿರುಗಿದಳು.

"ಯಾವ ದಿಕ್ಕಿಗೆ ಹರೀತು, ಹೇಳು."

ಕಿಟಕಿಯ ಕಡೆ. ಕಡಲಿನ ಕಡೆ. ನನ್ನ ತಲೆಯಲ್ಲಿ ಪಶ್ಚಿಮ ಎಂದೇ ಮೊದಲು ಬಂತು, ಐವತ್ತು ವರ್ಷದ ಮೊಳೆ ಅದು. ಪಶ್ಚಿಮ ಅಂದರೆ ಸಾಕಿತ್ತು. ಪೂರ್ವಕ್ಕೆ ಉಕ್ಕಿದರೆ ಮಾತ್ರ ಅವಳ ಅಮ್ಮಿ ಸಕ್ಕರೆ ಕೊಡುತ್ತಿದ್ದದ್ದು. ಅಷ್ಟರಲ್ಲಿ ಸೋಮವಾರ ಸಂಜೆ ನಮ್ಮ ಬೆನ್ನ ಹಿಂದೆ ಮುಳುಗಿದ ಸೂರ್ಯ ನೆನಪಾದ. ಅವಳಿಗೆ ನೆನಪಿರಲಾರದು ಎಂದೂ ಅನ್ನಿಸಿತು.

"ಪೂರ್ವ," ಅಂದೆ. "ಪೂರ್ವಕ್ಕೇ ಹರೀತು ಕಣೇ. ಹೂಂ ಅಂತ ಬರೆದು ಕಳಿಸು."

"ಗೊತ್ತು," ಅಂದಳು. "ಸೋಮವಾರ ಬೆಂಚಿಂದ ಎದ್ದು ಬಂದ ಮೇಲೆ ನಮಾಜಿಗೆ ಅಂತ ಫೋನಲ್ಲಿ ಕಿಬ್ಲಾ ನೋಡ್ದೆ. ಇಲ್ಲಿಂದ ಮೆಕ್ಕಾ ನೇರ ಉತ್ತರಕ್ಕೆ. ದಿಕ್ಕೆಲ್ಲ ಅವತ್ತೇ ಸರಿ ಮಾಡ್ಕೊಂಡಿದ್ದೀನಿ. ನೀನೇನು ಹೇಳ್ತೀಯ ಅಂತ ಕೇಳ್ದೆ, ಅಷ್ಟೇ."

"ಪಶ್ಚಿಮ ಅಂದಿದ್ರೆ?"

"ನಿನ್ನ ಜೊತೆ ವಾಪಸ್ಸು ಬಂದುಬಿಡ್ತಿದ್ದೆ. ಒಂದೇ ದಿನ ಎರಡು ಸಲ ಸುಳ್ಳು ಹೇಳೋಷ್ಟು ನಾನು ಬೇಕಾಗಿದ್ರೆ, ನಿನ್ನ ಬಿಟ್ಟು ಹೆಂಗಿರ್ಲಿ?"

ನಾನು ಮಾಮಾ ಜುಹುರಾ ಕೈಯಿಂದ ಬಟ್ಟೆ ತೆಗೆದುಕೊಂಡು ಕಟ್ಟೆ ಒರೆಸತೊಡಗಿದೆ. ಹಾಲು ಅಷ್ಟು ಹೊತ್ತಿಗೆ ಕಿಟಕಿಯ ಅಂಚು ದಾಟಿ ಹೊರಗೆ ಇಳಿದಿತ್ತು.